ಮಲಪ್ರಭೆ ದಂಡೆಯ ಊರಿಗೆ ಮಟ್ಟಮಾಪಕ ಮತ್ತು ತೆರವು ಯೋಜನೆ: ವಿದ್ಯಾರ್ಥಿ ತಂಡವೊಂದರ ಕೆಲಸದ ದಾಖಲೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಗೆ ಹತ್ತಿಕೊಂಡಿರುವ ಒಂದು ಊರಿಗಾಗಿ, ಸಿವಿಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳ ಅಂತಿಮ ವರ್ಷದ ವಿದ್ಯಾರ್ಥಿಗಳಾದ ನಾವು ಸೇರಿ ಮಾಡಿದ ಕೆಲಸದ ದಾಖಲೆ ಇದು. ನದಿಯ ಮಟ್ಟ ಅಳೆದು ಮೊಬೈಲ್‌ಗೆ ಸಂದೇಶ ಕಳಿಸುವ ಉಪಕರಣವನ್ನು ತಯಾರಿಸುವುದು ಮೊದಲಿಗೆ ಬರೆದುಕೊಂಡ ಉದ್ದೇಶವಾಗಿತ್ತು. ಉಪಕರಣ ತಯಾರಾಗಿದೆ, ಅದರ ವಿವರವನ್ನು ಮುಂದೆ ಕೊಟ್ಟಿದ್ದೇವೆ. ಆದರೆ ಅದು ಕಳಿಸುವ ಅಂಕಿ ಯಾರ ಮನೆಯ ಹೊಸ್ತಿಲಿಗೆ, ಯಾವ ರಸ್ತೆಯ ತಗ್ಗಿಗೆ ಸಂಬಂಧಿಸಿದ್ದು ಎಂದು ಹೇಳುವ ಪಟ್ಟಿ ಇಲ್ಲದೆ ಹೋದರೆ ಆ ಸಂದೇಶದಿಂದ ಯಾರೂ ಒಂದು ಹೆಜ್ಜೆಯನ್ನೂ ಎತ್ತಿಡಲಾರರು ಎಂಬುದು ಬೇಗನೆ ಸ್ಪಷ್ಟವಾದ್ದರಿಂದ, ನಮ್ಮ ಹೆಚ್ಚಿನ ಸಮಯ ಮತ್ತು ಶ್ರಮ ಆ ಪಟ್ಟಿಗೇ ಹೋಯಿತು.

ಊರಿನ ಸ್ಥಿತಿಯನ್ನು ಮೊದಲು ಹೇಳಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಸವದತ್ತಿಯ ಬಳಿ 37.73 ಟಿಎಂಸಿ ಸಾಮರ್ಥ್ಯದ ನವಿಲುತೀರ್ಥ ಜಲಾಶಯವನ್ನು ತುಂಬಿ, ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ಮೂಲಕ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಜಲಾಶಯ ಭರ್ತಿಯಾಗದ ವರ್ಷಗಳೇ ಹೆಚ್ಚಾಗಿದ್ದುದರಿಂದ ಕೆಳಗಿನ ಪಾತ್ರದಲ್ಲಿ ಹೂಳು ತುಂಬಿದೆ, ಜಾಲಿ ಬೆಳೆದಿದೆ, ಹಲವೆಡೆ ಹೊಲಗಳು ಪಾತ್ರದೊಳಕ್ಕೇ ಇಳಿದಿವೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಯಲ್ಲಿ, ಅನಂತರ 2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಮಳೆಗೆ ಜಲಾಶಯ ತುಂಬಿ ನೀರು ಬಿಟ್ಟಾಗ, ಈ ಭಾಗದ ಊರುಗಳೊಳಗೆ ನೀರು ನುಗ್ಗಿತು. 2009ರ ನಂತರ ಎತ್ತರದ ಜಾಗದಲ್ಲಿ ನೆರೆ ಸಂತ್ರಸ್ತರಿಗಾಗಿ ಆಸರೆ ಯೋಜನೆಯ ಮನೆಗಳು ಬಂದವು. ಆದರೂ ದನ ಕಟ್ಟಲು, ಮೇವು ಒಟ್ಟಲು, ಹೊಲಕ್ಕೆ ಹೋಗಿ ಬರಲು ಹಳೆಯ ಊರೇ ಅನುಕೂಲವೆಂದು ಅನೇಕ ಕುಟುಂಬಗಳು ಇಲ್ಲೇ ಉಳಿದಿವೆ. ಅವರದು ಹಟವೆಂದು ದೂರುವವರು ಒಮ್ಮೆ ಆ ಆಸರೆ ಮನೆಗಳ ಹಿತ್ತಲನ್ನು ನೋಡಬೇಕು. ಎರಡು ಎತ್ತು, ಒಂದು ಎಮ್ಮೆ ಮತ್ತು ಒಂದು ಬಣವೆಗೆ ಅಲ್ಲಿ ಜಾಗವಿಲ್ಲ.

ಎರಡನೆಯ ಸಂಗತಿ ಬೆಣ್ಣೆಹಳ್ಳದ್ದು. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಎರೆಭೂಮಿಯ ನೀರನ್ನೆಲ್ಲ ಹೊತ್ತು ತಂದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಸುರಿಯುವ ಈ ಹಳ್ಳಕ್ಕೆ ದೊಡ್ಡ ಜಲಾಶಯವಿಲ್ಲ. ಆದ್ದರಿಂದ ‘ಇಷ್ಟು ಕ್ಯೂಸೆಕ್ ಬಿಡುತ್ತಿದ್ದೇವೆ’ ಎಂಬ ಮುನ್ಸೂಚನೆಯೂ ಇಲ್ಲ. ಎರೆಮಣ್ಣು ಒಮ್ಮೆ ನೆನೆದು ಮುಚ್ಚಿಕೊಂಡಿತೆಂದರೆ ಆಮೇಲಿನ ಮಳೆ ಇಂಗದೆ ನೇರವಾಗಿ ಹರಿಯುತ್ತದೆ. ನಾವು ಆಯ್ದುಕೊಂಡ ಊರು ಈ ಸಂಗಮದ ಕೆಳಗಿರುವುದರಿಂದ, ಜಲಾಶಯದ ಹೊರಹರಿವನ್ನು ಮಾತ್ರ ನೋಡಿ ಊರಿಗೆ ಎಚ್ಚರಿಕೆ ಕೊಡುವ ಯಾವ ವ್ಯವಸ್ಥೆಯೂ ಅರ್ಧ ಕುರುಡೇ ಆಗಿರುತ್ತದೆ.

ಕ್ಯೂಸೆಕ್ ಬಿಟ್ಟು ಮೀಟರ್ ಹಿಡಿದದ್ದು

ಆರಂಭದಲ್ಲಿ ಜಲಾಶಯದಿಂದ ಬಿಡುವ ನೀರಿಗೂ ಊರಿನ ಮಟ್ಟಕ್ಕೂ ಸಂಬಂಧ ಕಟ್ಟುವ ಕೋಷ್ಟಕ ಮಾಡಲು ಯತ್ನಿಸಿದೆವು. ಲೆಕ್ಕ ಸರಳವಾಗಿ ಕಾಣುತ್ತದೆ: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಮತ್ತು ದಿನಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಆದರೆ ಒಂದೇ ಪ್ರಮಾಣದ ನೀರು ಪಾತ್ರ ಖಾಲಿಯಿದ್ದಾಗ ಒಂದು ಎತ್ತರಕ್ಕೆ, ಬೆಣ್ಣೆಹಳ್ಳ ತುಂಬಿ ಬಂದಾಗ ಇನ್ನೊಂದು ಎತ್ತರಕ್ಕೆ ನಿಲ್ಲುತ್ತದೆ. ನೀರು ಏರುವಾಗ ಮತ್ತು ಇಳಿಯುವಾಗಲೂ ಒಂದೇ ಹರಿವಿಗೆ ಮಟ್ಟ ಬೇರೆಬೇರೆಯಾಗಿರುತ್ತದೆ. ಜಾಲಿ ಬೆಳೆದ ಪಾತ್ರದ ಒರಟುತನ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳೆಯ ಕೋಷ್ಟಕವನ್ನು ಮುಂದಿನ ವರ್ಷ ನಂಬುವಂತಿಲ್ಲ. ಹೀಗಾಗಿ ಕ್ಯೂಸೆಕ್ ಅನ್ನು ‘ಇನ್ನು ಕೆಲವು ಗಂಟೆಗಳಲ್ಲಿ ನೀರು ಬರಲಿದೆ’ ಎಂಬ ಮೊದಲ ಸೂಚನೆಗಷ್ಟೇ ಉಳಿಸಿಕೊಂಡು, ನಿರ್ಧಾರಗಳನ್ನೆಲ್ಲ ಊರಿನ ಸೇತುವೆಯ ಬಳಿ ಅಳೆದ ಮಟ್ಟದ ಮೇಲೆ ನಿಲ್ಲಿಸಿದೆವು. ಟಿವಿಯಲ್ಲಿ ಹೇಳುವ ಕ್ಯೂಸೆಕ್ ಲೆಕ್ಕದಿಂದ ತನ್ನ ಪಡಸಾಲೆಗೆ ನೀರು ಬರುತ್ತದೆಯೇ ಇಲ್ಲವೇ ಎಂಬುದನ್ನು ಊರಿನ ಯಾರೂ ತಿಳಿಯಲಾರರು ಎಂಬುದು ಇದಕ್ಕೆ ಇನ್ನೊಂದು ಕಾರಣ.

ಸಂವೇದಕದ ಆಯ್ಕೆ

ವಿದ್ಯಾರ್ಥಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಅಲ್ಟ್ರಾಸಾನಿಕ್ ಸಂವೇದಕವನ್ನು. ನೀರು ತಾಗದ ಜೆಎಸ್‌ಎನ್-ಎಸ್‌ಆರ್04ಟಿ ಮಾದರಿ ಅಗ್ಗವಾಗಿ ಸಿಗುತ್ತದೆ. ಅದನ್ನು ಕೈಬಿಡಲು ನಮಗೆ ಮೂರು ಕಾರಣಗಳಿದ್ದವು. ಅದರ ವ್ಯಾಪ್ತಿ ಹೆಚ್ಚೆಂದರೆ ಐದಾರು ಮೀಟರ್, ನಮ್ಮ ಸೇತುವೆಯ ಮೇಲ್ಭಾಗದಿಂದ ಪಾತ್ರದ ತಳಕ್ಕೆ ಅದಕ್ಕಿಂತ ಹೆಚ್ಚು ಆಳವಿದೆ. ಅದು ಹೊಮ್ಮಿಸುವ ಶಬ್ದದ ಕಿರಣ ಅಗಲವಾಗಿ ಹರಡುವುದರಿಂದ ಪಕ್ಕದ ಕಂಬಕ್ಕೋ ತೇಲುವ ಕಸಕ್ಕೋ ಬಡಿದು ಹಿಂದಿರುಗಿದ ಪ್ರತಿಧ್ವನಿಯನ್ನೇ ನೀರೆಂದು ಓದಬಹುದು. ಮೂರನೆಯದು ತಾಪಮಾನ: ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದರೆ 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಆಗುತ್ತದೆ, ಅಂದರೆ ನಾಲ್ಕು ಮೀಟರ್ ದೂರಕ್ಕೆ ಹದಿನಾಲ್ಕು ಸೆಂಟಿಮೀಟರ್‌ನಷ್ಟು ವ್ಯತ್ಯಾಸ. ತಾಪಮಾನವನ್ನು ಅಳೆದು ಇದನ್ನು ತಿದ್ದಬಹುದು, ಉಳಿದ ಎರಡಕ್ಕೆ ಮದ್ದಿಲ್ಲ.

ಆದ್ದರಿಂದ ನೀರೊಳಗೆ ಮುಳುಗಿಸುವ ಒತ್ತಡ ಸಂವೇದಕವನ್ನು ಆರಿಸಿಕೊಂಡೆವು. ಕೊಳವೆಬಾವಿ ಮತ್ತು ಮೇಲ್ತೊಟ್ಟಿಗಳಲ್ಲಿ ನೀರಿನ ಮಟ್ಟ ಅಳೆಯಲು ಬಳಸುವ, ಹತ್ತು ಮೀಟರ್ ವ್ಯಾಪ್ತಿಯ, 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಕೊಡುವ ಸಾಧನವಿದು. ಇದರಲ್ಲಿ ನಮಗೆ ಅತಿ ಉಪಯುಕ್ತವೆನಿಸಿದ ಗುಣವೆಂದರೆ ನೀರು ಶೂನ್ಯವಿದ್ದಾಗಲೂ 4 ಮಿಲಿಆಂಪಿಯರ್ ಹರಿಯುತ್ತಿರುತ್ತದೆ, ತಂತಿ ಕಡಿದಾಗ ಮಾತ್ರ ಅದು ಸೊನ್ನೆಗೆ ಬೀಳುತ್ತದೆ. ನೆರೆಯ ರಾತ್ರಿಯಲ್ಲಿ ‘ನೀರಿಲ್ಲ’ ಮತ್ತು ‘ಉಪಕರಣ ಕೆಟ್ಟಿದೆ’ ಎಂಬ ಎರಡು ಸುದ್ದಿಗಳು ಒಂದೇ ರೂಪದಲ್ಲಿ ಬರುವುದಕ್ಕಿಂತ ಅಪಾಯದ ಸಂಗತಿ ಬೇರೊಂದಿಲ್ಲ. ಸಂವೇದಕದ ಕೇಬಲ್ ಒಳಗೆ ಗಾಳಿ ಹಾಯುವ ಸಣ್ಣ ನಳಿಕೆ ಇರುತ್ತದೆ, ವಾತಾವರಣದ ಒತ್ತಡ ಏರಿಳಿದಾಗ ಓದು ಕೆಡದಂತೆ ನೋಡಿಕೊಳ್ಳುವುದು ಅದೇ. ಅದರ ಬಾಯಿಯನ್ನು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಪಕ್ಕದಲ್ಲಿ ತೆರೆದಿಟ್ಟೆವು. ಅದನ್ನು ಟೇಪು ಸುತ್ತಿ ಮುಚ್ಚಿಬಿಡಬೇಡಿ.

16 ಮಿಲಿಆಂಪಿಯರ್ ಅಂತರ ಹತ್ತು ಮೀಟರ್‌ಗೆ ಹಂಚಿಕೆಯಾದರೆ ಮೀಟರಿಗೆ 1.6 ಮಿಲಿಆಂಪಿಯರ್ ಆಗುತ್ತದೆ. ಅದನ್ನು 150 ಓಮ್ ರೋಧಕದ ಮೂಲಕ ಹಾಯಿಸಿದಾಗ ಮೀಟರಿಗೆ 0.24 ವೋಲ್ಟ್ ಸಿಗುತ್ತದೆ. ಇಎಸ್‌ಪಿ32 ಮೈಕ್ರೋಕಂಟ್ರೋಲರ್‌ನ ಒಳಗಿರುವ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗದ) ಓದು ಉದ್ದಕ್ಕೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಎಡಿಎಸ್1115 ಎಂಬ ಪ್ರತ್ಯೇಕ ಚಿಪ್ ಹಾಕಿದೆವು. ಕಾಗದದ ಮೇಲೆ ಅದು ಅರ್ಧ ಮಿಲಿಮೀಟರ್‌ವರೆಗೆ ಓದುತ್ತದೆ. ಆದರೆ ಸಂವೇದಕದ ನಿಖರತೆಯೇ ಹತ್ತು ಮೀಟರಿನ ಶೇ 0.5, ಅಂದರೆ ಐದು ಸೆಂಟಿಮೀಟರ್. ಮೇಲಾಗಿ ಕೆಸರು ಬೆರೆತ ಹೊಳೆಯ ನೀರು ತಿಳಿನೀರಿಗಿಂತ ತುಸು ಭಾರವಾಗಿರುವುದರಿಂದ ಓದು ಇನ್ನಷ್ಟು ಹೆಚ್ಚು ತೋರಿಸುತ್ತದೆ. ಹೀಗಿರುವಾಗ ಮಿಲಿಮೀಟರ್ ಲೆಕ್ಕ ತೋರಿಸುವುದು ಸುಳ್ಳು ಆತ್ಮವಿಶ್ವಾಸವಾಗುತ್ತದೆಂದು ಸಂದೇಶದಲ್ಲಿ ಹತ್ತು ಸೆಂಟಿಮೀಟರ್‌ಗಳ ಹೆಜ್ಜೆಯಲ್ಲೇ ಮಟ್ಟ ಬರುವಂತೆ ಮಾಡಿದೆವು. ಓದನ್ನು ನಿಜ ಅಳತೆಯೊಂದಿಗೆ ತಾಳೆ ನೋಡಲು ಪ್ರಯೋಗಾಲಯ ಬೇಕಾಗಲಿಲ್ಲ: ಊರ ಬದಿಯ ತೋಟದ ತೆರೆದ ಬಾವಿಯಲ್ಲಿ ಅಳತೆಯ ಟೇಪನ್ನು ಕೇಬಲ್‌ಗೆ ಕಟ್ಟಿ ಅರ್ಧರ್ಧ ಮೀಟರ್ ಇಳಿಸುತ್ತ ಓದು ಬರೆದುಕೊಂಡೆವು.

ವಿದ್ಯುತ್ ಪೂರೈಕೆಯಲ್ಲಿ ಎರಡು ಕಡೆ ಎಚ್ಚರ ಬೇಕು. ಸಂವೇದಕಕ್ಕೆ ಕನಿಷ್ಠ 12 ವೋಲ್ಟ್ ಬೇಕಾಗುತ್ತದೆ, ಆದರೆ 20 ಮಿಲಿಆಂಪಿಯರ್ ಹರಿದಾಗ 150 ಓಮ್ ರೋಧಕವೇ 3 ವೋಲ್ಟ್ ನುಂಗುತ್ತದೆ. ಅಂದರೆ 12 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಹೊಳೆ ಅತಿ ಎತ್ತರದಲ್ಲಿರುವಾಗಲೇ ಓದು ತಪ್ಪುತ್ತದೆ. ಇದಕ್ಕಾಗಿ 24 ವೋಲ್ಟ್‌ಗೆ ಏರಿಸುವ ಸಣ್ಣ ಮಾಡ್ಯೂಲ್ ಹಾಕಿ, ಓದುವ ಕೆಲವು ಸೆಕೆಂಡು ಮಾತ್ರ ಅದು ಚಾಲೂ ಇರುವಂತೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಜೋಡಿಸಿದೆವು. ಇನ್ನೊಂದು ಕಡೆ, ಸಂದೇಶ ಕಳಿಸುವ ಸಿಮ್800ಎಲ್ ಮಾಡ್ಯೂಲ್ ಸಿಗ್ನಲ್ ಹುಡುಕುವ ಕ್ಷಣದಲ್ಲಿ ಎರಡು ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ ಬೇರೆಯೇ ರೆಗ್ಯುಲೇಟರ್ ಮತ್ತು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡದಿದ್ದರೆ ಇಎಸ್‌ಪಿ32 ಪದೇ ಪದೇ ಮರುಚಾಲನೆಯಾಗುತ್ತದೆ. ಈ ಮಾಡ್ಯೂಲ್ 2ಜಿ ಜಾಲದಲ್ಲಿ ಮಾತ್ರ ನಡೆಯುವುದರಿಂದ 4ಜಿ ಮಾತ್ರ ಇರುವ ಕಂಪನಿಯ ಸಿಮ್ ಇದಕ್ಕೆ ಬರುವುದಿಲ್ಲ. ಇಡೀ ಉಪಕರಣದ ಸರಾಸರಿ ಬಳಕೆ 20 ಮಿಲಿಆಂಪಿಯರ್ ಎಂದು ಹಿಡಿದರೆ 7 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕಕ್ಕೆ ಹದಿನಾಲ್ಕು ದಿನ ಬರಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ, ಸೌರಫಲಕ ಬಿಸಿಲೇ ಕಾಣದ ಒಂದು ವಾರವನ್ನು ದಾಟಿಸುತ್ತದೆಂದು ಭಾವಿಸಿದ್ದೇವೆ.

ಜೋಡಣೆ

ಸಂವೇದಕವನ್ನು ಬುಡದಲ್ಲಿ ರಂಧ್ರ ಕೊರೆದ ಜಿಐ ಪೈಪಿನೊಳಗೆ ಇಳಿಬಿಟ್ಟು, ಆ ಪೈಪನ್ನು ಸೇತುವೆಯ ಕಂಬಕ್ಕೆ ಕಟ್ಟಿದೆವು. ಪೈಪು ಅಲೆಗಳ ಏರಿಳಿತವನ್ನು ತಡೆದು ಓದನ್ನು ಸ್ಥಿರವಾಗಿಡುತ್ತದೆ. ಕಂಬಕ್ಕೆ ತೂತು ಕೊರೆಯಲು ಇಲಾಖೆಯ ಅನುಮತಿ ಸಿಗುವಂತಿರಲಿಲ್ಲ, ಸಿಗಲೂಬಾರದು. ಆದ್ದರಿಂದ ಕಂಬದ ಸುತ್ತ ಸ್ಟೇನ್‌ಲೆಸ್ ಪಟ್ಟಿ ಬಿಗಿದು ಪೈಪನ್ನು ಹಿಡಿಸಿದೆವು. ನೆರೆಯಲ್ಲಿ ಕಬ್ಬಿನ ಗರಿ, ಜಾಲಿಯ ಕೊಂಬೆ, ಕೆಲವೊಮ್ಮೆ ಇಡೀ ಮರ ತೇಲಿ ಬಂದು ಹರಿವು ಬಂದು ತಾಗುವ ಕಂಬದ ಬದಿಗೆ ಬಡಿಯುತ್ತವೆಂದು ಪೈಪನ್ನು ಅದರ ಹಿಂಬದಿಗೆ ಹಾಕಿದೆವು. ಕಂಬದ ಮರೆಯಲ್ಲಿ ನೀರು ಸುಳಿದು ಮಟ್ಟ ತುಸು ತಗ್ಗುತ್ತದೆ ನಿಜ, ಆದರೆ ಪೈಪೇ ಕೊಚ್ಚಿಹೋಗುವುದಕ್ಕಿಂತ ಆ ಕೊರತೆ ವಾಸಿ. ಪಕ್ಕದ ಕಂಬದ ಮೇಲೆ ದಂಡೆಯಿಂದ ಬ್ಯಾಟರಿ ಬೆಳಕಿನಲ್ಲಿ ಓದಲು ಬರುವಷ್ಟು ದೊಡ್ಡ ಅಂಕಿಗಳಲ್ಲಿ, ಅಡಿ ಮತ್ತು ಮೀಟರ್ ಎರಡರಲ್ಲೂ, ಬಣ್ಣದ ಪಟ್ಟಿ ಬರೆಸಿದೆವು. ಎಲ್ಲ ಎಲೆಕ್ಟ್ರಾನಿಕ್ಸ್ ಸತ್ತರೂ ಈ ಬಣ್ಣ ಉಳಿಯುತ್ತದೆ. ಪರೀಕ್ಷಕರೊಬ್ಬರು ಇದನ್ನು ನೋಡಿ ‘ಇದರಲ್ಲಿ ತಂತ್ರಜ್ಞಾನ ಎಲ್ಲಿದೆ’ ಎಂದು ಕೇಳಿದ್ದುಂಟು. ನಮ್ಮ ಯೋಜನೆಯಲ್ಲಿ ದೀರ್ಘಕಾಲ ಬಾಳುವ ಭಾಗ ಅದೇ ಎಂಬುದು ನಮ್ಮ ಅಭಿಪ್ರಾಯ.

ಹೊಸ್ತಿಲ ಪಟ್ಟಿ

ಇನ್ನು ಮುಖ್ಯ ಕೆಲಸ. ಸೇತುವೆಯ ಬಣ್ಣದ ಪಟ್ಟಿಯ ಶೂನ್ಯವನ್ನೇ ಆಧಾರವಾಗಿಟ್ಟು, ಆಟೋ ಲೆವೆಲ್ (ಮಟ್ಟ ನೋಡುವ ದೂರದರ್ಶಕ) ಮತ್ತು ಸ್ಟಾಫ್ (ಅಳತೆಗೋಲು) ಹಿಡಿದು ಓಣಿ ಓಣಿಗೆ ಮಟ್ಟ ತೆಗೆದುಕೊಂಡು ಹೋದೆವು. ಅಗಸಿ ಬಾಗಿಲಿನ ಕಲ್ಲು, ಹನುಮಪ್ಪನ ಗುಡಿಯ ಮೆಟ್ಟಿಲುಗಳು, ಶಾಲೆಯ ಜಗಲಿ, ಅಂಗನವಾಡಿ, ಟ್ರಾನ್ಸ್‌ಫಾರ್ಮರ್‌ನ ಕಟ್ಟೆ, ಕುಡಿಯುವ ನೀರಿನ ಪಂಪಿನ ಕೋಣೆ ಮತ್ತು ಹಳೆಯ ಊರಿನ ಪ್ರತಿ ಮನೆಯ ಹೊಸ್ತಿಲು ಈ ಪಟ್ಟಿಗೆ ಸೇರಿದವು. ಹೋದ ದಾರಿಯಲ್ಲೇ ಮರಳಿ ಬಂದು ಮುಚ್ಚುವ ದೋಷವನ್ನು, ಅಂದರೆ ಹೊರಟ ಬಿಂದುವಿನ ಮಟ್ಟ ಎರಡನೇ ಸಲ ಎಷ್ಟು ಬೇರೆ ಬರುತ್ತದೆಂಬುದನ್ನು, ನೋಡಿದೆವು. ಸಾಮಾನ್ಯ ಲೆವೆಲಿಂಗ್‌ಗೆ ಪಠ್ಯಪುಸ್ತಕ ಒಪ್ಪುವ ಮಿತಿ, ದೂರವನ್ನು ಕಿಲೋಮೀಟರ್‌ಗಳಲ್ಲಿ ಹಿಡಿದು ಅದರ ವರ್ಗಮೂಲಕ್ಕೆ 24 ಮಿಲಿಮೀಟರ್‌ನಿಂದ ಗುಣಿಸಿದಷ್ಟು, ಅಂದರೆ ಎರಡು ಕಿಲೋಮೀಟರಿಗೆ ಸುಮಾರು 34 ಮಿಲಿಮೀಟರ್. ಸಂವೇದಕದ ದೋಷವೇ ಐದು ಸೆಂಟಿಮೀಟರ್ ಇರುವಾಗ ಈ ಕೆಲಸಕ್ಕೆ ಇಷ್ಟು ನಿಖರತೆ ಧಾರಾಳವಾಯಿತು.

ಮಟ್ಟ ತೆಗೆಯುವಾಗಲೇ 2009 ಮತ್ತು 2019ರ ನೀರಿನ ಗುರುತುಗಳನ್ನು ತೋರಿಸಲು ಮನೆಯವರನ್ನು ಕೇಳಿದೆವು. ಸುಣ್ಣ ಹಚ್ಚಿದ ಗೋಡೆಯ ಮೇಲಿನ ಕೆಸರಿನ ಗೆರೆ, ಬಾಗಿಲಿನ ಚೌಕಟ್ಟಿನ ಕಪ್ಪು ಗುರುತು, ನೆನಪಿನ ಮೇಲೆ ಕೈಯೆತ್ತಿ ತೋರಿಸಿದ ಎತ್ತರ, ಹೀಗೆ ಹಲವು ಬಗೆಯ ಸಾಕ್ಷಿಗಳು ಸಿಕ್ಕವು. ಗೋಡೆಯ ಗೆರೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿದವು, ನೆನಪಿನ ಎತ್ತರಗಳು ಬಹುತೇಕ ಅವುಗಳ ಮೇಲಕ್ಕೇ ಹೋದವು. ನೀರಿನ ಮೇಲ್ಮೈ ಸಮತಟ್ಟಾಗಿರುವುದಿಲ್ಲ ಎಂಬುದೂ ಈ ಗೆರೆಗಳಿಂದ ಖಚಿತವಾಯಿತು. ಊರಿನ ಮೇಲ್ತುದಿಯ ಗುರುತುಗಳು ಕೆಳತುದಿಯವಕ್ಕಿಂತ ಎತ್ತರದಲ್ಲಿದ್ದವು. ಆ ಇಳಿಜಾರನ್ನು ಲೆಕ್ಕಕ್ಕೆ ತಂದು ಪ್ರತಿ ಹೊಸ್ತಿಲಿನ ಮಟ್ಟವನ್ನು ಸೇತುವೆಯ ಬಣ್ಣದ ಪಟ್ಟಿಯ ಲೆಕ್ಕಕ್ಕೆ ತಿದ್ದಿ ಬರೆದೆವು. ಈ ತಿದ್ದುಪಡಿ ಇಲ್ಲದೆ ಮೇಲೋಣಿಯವರಿಗೆ ಹೇಳುವ ಎಚ್ಚರಿಕೆ ತಡವಾಗುತ್ತಿತ್ತು.

ಯೋಜನೆಯ ದಿಕ್ಕನ್ನೇ ಬದಲಿಸಿದ ಮಾತು ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಂದ ಬಂತು. “ನೀರು ಹೊಳಿ ಕಡಿಂದ ಬರೂದಿಲ್ಲ ತಮ್ಮಾ, ಹಳ್ಳದ ಕಡಿಂದ ಬರ್ತೈತಿ. ನಾವು ಹೊಳಿ ನೋಡ್ಕೋತ ಕುಂತಾಗ ಹಿಂದ ರಸ್ತಾ ಮುಚ್ಚಿರ್ತೈತಿ” ಎಂದರು ಅವರು. ಊರಿನ ಹಿಂದೆ ಒಂದು ಸಣ್ಣ ಹಳ್ಳ ಹರಿದು ನದಿಗೆ ಸೇರುತ್ತದೆ. ನದಿ ಏರಿದಾಗ ಆ ಹಳ್ಳದೊಳಕ್ಕೆ ನೀರು ಹಿಮ್ಮುಖವಾಗಿ ನುಗ್ಗುತ್ತದೆ, ಮತ್ತು ಎತ್ತರದಲ್ಲಿ ಆಸರೆ ಮನೆಗಳಿರುವ ನವಗ್ರಾಮಕ್ಕೆ ಹೋಗುವ ರಸ್ತೆ ಆ ಹಳ್ಳವನ್ನು ತಗ್ಗಾದ ಒಂದು ಕಿರುಸೇತುವೆಯ ಮೇಲೆ ದಾಟುತ್ತದೆ. ಲೆವೆಲ್ ಹಿಡಿದು ನೋಡಿದರೆ ಕಿರುಸೇತುವೆಯ ಮೇಲ್ಮೈ ಊರಿನ ಅತಿ ತಗ್ಗಿನ ಹೊಸ್ತಿಲಿಗಿಂತ ಒಂದು ಮೀಟರಿನಷ್ಟು ಕೆಳಗಿತ್ತು. ಅಂದರೆ ಒಂದೇ ಒಂದು ಮನೆಗೂ ನೀರು ಬರುವ ಮೊದಲೇ ಊರು ದ್ವೀಪವಾಗಿರುತ್ತದೆ. ‘ನೀರು ಅಂಗಳಕ್ಕೆ ಬಂದಾಗ ಹೊರಡೋಣ’ ಎಂದು ಕಾಯುವ ಪ್ರತಿಯೊಬ್ಬರೂ ದೋಣಿಗಾಗಿ ಕಾಯಬೇಕಾಗುತ್ತದೆ. ಅಲ್ಲಿಂದ ಮುಂದೆ ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಆ ಕಿರುಸೇತುವೆಯ ಮಟ್ಟವೇ ಆಯಿತು.

ಗಂಟೆಗಳನ್ನು ಹಿಂದಕ್ಕೆ ಎಣಿಸುವುದು

ಕಿರುಸೇತುವೆ ಮುಳುಗುವ ಮಟ್ಟದಿಂದ ಹಿಂದಕ್ಕೆ ಲೆಕ್ಕ ಹಾಕಿ ಎಚ್ಚರಿಕೆಯ ಎರಡು ಮಟ್ಟಗಳನ್ನು ನಿಗದಿ ಮಾಡಿದೆವು. ನೀರು ಗಂಟೆಗೆ 30 ಸೆಂಟಿಮೀಟರ್ ಏರುತ್ತದೆ, ಊರು ತೆರವಾಗಲು ನಾಲ್ಕು ಗಂಟೆ ಬೇಕು ಎಂದು ಹಿಡಿದರೆ, ಕಿರುಸೇತುವೆಗಿಂತ 1.2 ಮೀಟರ್ ಕೆಳಗಿರುವಾಗಲೇ ಹೊರಡುವ ಕರೆ ಹೋಗಬೇಕು. ಏರುವ ವೇಗವನ್ನು ಉಪಕರಣವೇ ಅಳೆಯುವುದರಿಂದ, ನೀರು ಬೇಗ ಏರಿದಂತೆ ಕರೆಯ ಮಟ್ಟವೂ ತಾನಾಗಿ ಕೆಳಗಿಳಿಯುವಂತೆ ಪ್ರೋಗ್ರಾಂ ಬರೆದಿದ್ದೇವೆ. ಮಾಮೂಲಿ ದಿನಗಳಲ್ಲಿ ಅರ್ಧ ಗಂಟೆಗೊಮ್ಮೆ, ಮೊದಲ ಮಟ್ಟ ದಾಟಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಅದು ಓದುತ್ತದೆ.

ತೆರವಿಗೆ ನಾಲ್ಕು ಗಂಟೆ ಬೇಕೆಂಬುದಕ್ಕೆ ಕಾರಣ ಜನರಿಗಿಂತ ಹೆಚ್ಚಾಗಿ ದನಗಳು. ದನಕರುಗಳನ್ನು ಕಟ್ಟಿಹಾಕಿ ಮನೆಯವರು ಹೊರಡುವುದಿಲ್ಲ. ಕಾಳಜಿ ಕೇಂದ್ರದಲ್ಲಿ ಅನ್ನ, ಹಾಸಿಗೆ ಎಲ್ಲ ಇದ್ದರೂ ಮೇವಿಲ್ಲದಿದ್ದರೆ ಗಂಡಸರು ರಾತ್ರಿ ಮತ್ತೆ ಊರಿಗೆ ಇಳಿಯುತ್ತಾರೆ. ಆದ್ದರಿಂದ ಮೊದಲ ಮಟ್ಟದಲ್ಲಿ ದನಗಳು ನಡೆದುಕೊಂಡು ಮೇಲೆ ಹೋಗುವುದು, ಬಣವೆಯ ಮೇವಿನ ಒಂದು ಪಾಲು ಟ್ರ್ಯಾಕ್ಟರ್‌ನಲ್ಲಿ ಅವುಗಳ ಹಿಂದೆ ಹೋಗುವುದು, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿರುವ ಗರ್ಭಿಣಿ, ಬಾಣಂತಿ, ಹಾಸಿಗೆ ಹಿಡಿದವರು ಅದೇ ಹೊತ್ತಿಗೆ ಹೋಗುವುದು ಎಂದು ಗೊತ್ತು ಮಾಡಿದೆವು. ಎರಡನೆಯ ಮಟ್ಟದಲ್ಲಿ ಉಳಿದ ಎಲ್ಲರೂ ಹೊರಡಬೇಕು. ಹಗೇವಿನಲ್ಲಿ (ನೆಲದೊಳಗಿನ ಕಣಜದಲ್ಲಿ) ಜೋಳ ಇಟ್ಟಿರುವ ಕೆಲವು ಮನೆಗಳಿವೆ. ನೀರು ಒಳಹೊಕ್ಕ ಹಗೇವಿನ ಕಾಳು ಉಳಿಯುವುದಿಲ್ಲ, ಕೊನೆಯ ಗಂಟೆಯಲ್ಲಿ ಅದನ್ನು ತೆಗೆಯುವುದೂ ಆಗದು. ಮಳೆಗಾಲಕ್ಕೆ ಮೊದಲೇ ಅದನ್ನು ಚೀಲಕ್ಕೆ ತುಂಬಿಡಬೇಕೆಂದು ಪಂಚಾಯಿತಿಯವರು ಆ ಮನೆಗಳಿಗೆ ಹೇಳಲು ಒಪ್ಪಿದ್ದಾರೆ.

ಸಂದೇಶ ಯಾರಿಗೆ ಹೋಗಬೇಕು ಎಂಬುದರ ಮೇಲೆ ತಂಡದೊಳಗೆ ಚರ್ಚೆ ನಡೆಯಿತು. ಊರಿನ ಎಲ್ಲ ಫೋನ್‌ಗಳಿಗೂ ಕಳಿಸುವ ಆಸೆ ಇತ್ತು. ಆದರೆ ಅರ್ಧ ತಿಳಿದ ಸುದ್ದಿ ಓಣಿಯಿಂದ ಓಣಿಗೆ ಬೆಳೆಯುವುದನ್ನು ತಡೆಯಲಾಗದು, ಒಂದು ಸಿಮ್‌ನಿಂದ ಅಷ್ಟು ಸಂದೇಶ ಹೋಗುವುದೂ ಇಲ್ಲ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಓಣಿಗೊಬ್ಬ ಸದಸ್ಯ ಮತ್ತು ನೀರಗಂಟಿ, ಇಷ್ಟೇ ಜನರ ಫೋನ್‌ಗೆ ಸಂದೇಶ ಹೋಗುತ್ತದೆ. ನೀರಗಂಟಿಯನ್ನು ಸೇರಿಸಿದ್ದು ನಮ್ಮ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದು: ನೀರು ಬಿಡುವ ಕೆಲಸಕ್ಕಾಗಿ ನಸುಕಿನಲ್ಲೇ ಏಳುವ, ಎಲ್ಲ ಓಣಿಗಳನ್ನೂ ಎಲ್ಲ ಮನೆಯವರನ್ನೂ ಬಲ್ಲ ಮನುಷ್ಯ ಅವನೊಬ್ಬನೇ. ಅವನ ಸೂಚನೆಯ ಮೇಲೆ ಗುಡಿಯ ಮೈಕಿನಲ್ಲಿ ಕರೆ ಹೋಗುತ್ತದೆ. 2019ರಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ನಿಂತಿತ್ತೆಂದು ಊರವರು ಹೇಳಿದ್ದರಿಂದ, ಮೈಕಿಗೆ ಟ್ರ್ಯಾಕ್ಟರ್‌ನ ಬ್ಯಾಟರಿ ಜೋಡಿಸುವ ತಂತಿಯನ್ನು ಗುಡಿಯಲ್ಲೇ ಇಟ್ಟಿದ್ದೇವೆ. ಅದೂ ನಡೆಯದಿದ್ದರೆ ಡಂಗುರ ಇದ್ದೇ ಇದೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸೇವೆಯ 112 ಸಂಖ್ಯೆಗಳನ್ನು ಬಣ್ಣದ ಪಟ್ಟಿಯ ಪಕ್ಕದಲ್ಲೇ ಬರೆಸಿದ್ದೇವೆ.

ತಾಲೀಮು

ಬೇಸಿಗೆಯ ಕೊನೆಯಲ್ಲಿ ಊರವರನ್ನು ಒಪ್ಪಿಸಿ ಒಂದು ತಾಲೀಮು ನಡೆಸಿದೆವು. ಸಂವೇದಕವನ್ನು ನೀರಿಗೆ ಇಳಿಸಿ ಉಪಕರಣದಿಂದ ನಿಜವಾದ ಸಂದೇಶವನ್ನೇ ಹೊರಡಿಸಿ, ಅಲ್ಲಿಂದ ಮುಂದೆ ಏನು ನಡೆಯುತ್ತದೆ ಎಂದು ನೋಡಿದೆವು. ಮೈಕಿನ ಕರೆ ಕೆಳಗಿನ ಓಣಿಗೆ ಕೇಳಿಸಲಿಲ್ಲ, ಏಕೆಂದರೆ ಗುಡಿಯ ಎರಡು ಹಾರ್ನ್‌ಗಳೂ ಅಗಸಿಯ ಕಡೆಗೇ ಮುಖ ಮಾಡಿದ್ದವು. ಕಾಳಜಿ ಕೇಂದ್ರವಾಗಬೇಕಾದ ಮೇಲಿನ ಶಾಲೆಯ ಬೀಗದ ಕೈ ಬೇರೆ ಊರಿನಲ್ಲಿ ವಾಸವಿರುವವರ ಬಳಿ ಇತ್ತು. ದನಗಳ ಸಾಲಿಗೂ ಟ್ರ್ಯಾಕ್ಟರ್‌ಗಳಿಗೂ ಕಿರುಸೇತುವೆ ಒಟ್ಟಿಗೆ ಸಾಲಲಿಲ್ಲ, ಟ್ರ್ಯಾಕ್ಟರ್ ಸದ್ದಿಗೆ ಎಮ್ಮೆಗಳು ಬೆದರಿ ಹಿಂದಿರುಗಿದವು. ಈಗ ದನಗಳು ದಾಟಿದ ಮೇಲಷ್ಟೇ ಟ್ರ್ಯಾಕ್ಟರ್ ಹೊರಡುತ್ತದೆ, ಶಾಲೆಯ ಇನ್ನೊಂದು ಕೀಲಿ ನವಗ್ರಾಮದ ಅಂಗನವಾಡಿಯಲ್ಲಿ ಇರುತ್ತದೆ, ಒಂದು ಹಾರ್ನ್ ಅನ್ನು ಹೊಳೆಯ ಕಡೆಗೆ ತಿರುಗಿಸಲಾಗಿದೆ. ಈ ತಾಲೀಮು ಇಲ್ಲದಿದ್ದರೆ ಇದೊಂದೂ ಯಾವ ನಕಾಶೆಯಲ್ಲೂ ಕಾಣುತ್ತಿರಲಿಲ್ಲ.

ಹಸ್ತಾಂತರ ಮತ್ತು ಬಾಕಿ ಕೆಲಸ

ಹೊಸ್ತಿಲ ಪಟ್ಟಿಯ ಮೂರು ಪ್ರತಿಗಳನ್ನು ಲ್ಯಾಮಿನೇಟ್ ಮಾಡಿಸಿ ಪಂಚಾಯಿತಿ, ಶಾಲೆ ಮತ್ತು ಗುಡಿಗೆ ಕೊಟ್ಟಿದ್ದೇವೆ. ಅದರಲ್ಲಿ ಮನೆಯ ಯಜಮಾನರ ಹೆಸರಿನ ಬದಲು ಓಣಿ ಮತ್ತು ಮನೆ ಸಂಖ್ಯೆ ಮಾತ್ರ ಇದೆ, ಪಕ್ಕದಲ್ಲಿ ‘ಗುಡಿಯ ಮೂರನೇ ಮೆಟ್ಟಿಲಿಗೆ ನೀರು ಬಂದಾಗ’ ಎಂಬಂತಹ ಊರವರದೇ ಗುರುತುಗಳಿವೆ. ಪೈಪಿನ ಬುಡದಲ್ಲಿ ಹೂಳು ಕಟ್ಟಿಕೊಂಡರೆ ಸಂವೇದಕ ನೀರಿನ ಬದಲು ಕೆಸರಿನ ಒತ್ತಡವನ್ನು ಓದುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಅದನ್ನು ಮೇಲೆತ್ತಿ ತೊಳೆಯಬೇಕು, ಸಿಲಿಕಾ ಜೆಲ್ ಬದಲಿಸಬೇಕು, ಬಾವಿಯಲ್ಲಿ ಮತ್ತೊಮ್ಮೆ ಓದು ಹೊಂದಿಸಬೇಕು, ಸಿಮ್‌ನ ರೀಚಾರ್ಜ್ ಅವಧಿ ನೋಡಬೇಕು. ಈ ನಾಲ್ಕು ಕೆಲಸಗಳನ್ನು ಕಿರಿಯ ವರ್ಷದ ತಂಡ ವಹಿಸಿಕೊಂಡಿದೆ. ಸಂಗಮದ ಮೇಲ್ಭಾಗದಲ್ಲಿ ಬೆಣ್ಣೆಹಳ್ಳದ ಮೇಲೆ ಇನ್ನೊಂದು ಮಾಪಕ ಕೂರಿಸುವುದು ಅವರ ಮುಂದಿನ ಕೆಲಸ. ಅದಕ್ಕೆ ತಕ್ಕ ಸೇತುವೆಯನ್ನು ಗುರುತಿಸಿ ಸಂಬಂಧಪಟ್ಟ ಇಲಾಖೆಗೆ ಅರ್ಜಿ ಕೊಡಲಾಗಿದೆ. ನವಗ್ರಾಮದ ರಸ್ತೆಯ ಕಿರುಸೇತುವೆಯನ್ನು ಎತ್ತರಿಸಬೇಕೆಂಬ ಕೋರಿಕೆಯನ್ನು, ನಾವು ತೆಗೆದ ಮಟ್ಟಗಳ ನಕ್ಷೆಯನ್ನು ಲಗತ್ತಿಸಿ, ಗ್ರಾಮಸಭೆಯ ಠರಾವಿನ ಮೂಲಕ ತಾಲ್ಲೂಕು ಪಂಚಾಯಿತಿಗೆ ಕಳಿಸಿದ್ದೇವೆ.